ದನಿಯಿಲ್ಲದ ರೀಲು

ಸತ್ತವರ ಮಾತು, ಪಾಳುಗುಡಿಯ ಗೆಜ್ಜೆ ಸಪ್ಪಳ, ಇಂಥವನ್ನು ನಾನು ಎಂದೂ ನಂಬಿದವಳಲ್ಲ. ಶಹಾಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಧ್ವನಿಯ ಪಾಠ ನಡೆದಾಗ ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು, ತಮ್ಮೂರಿನ ಇಂಥ ಜಾಗದಲ್ಲಿ ಇಂಥ ಸಪ್ಪಳ ಕೇಳುತ್ತದೆ, ಅದಕ್ಕೇನು ಹೇಳುತ್ತೀರಿ ಎಂದು ಕೇಳುತ್ತಿದ್ದ. ಕಂಪಿಸುವ ವಸ್ತು ಇಲ್ಲದೆ ಧ್ವನಿ ಹುಟ್ಟುವುದಿಲ್ಲ, ಮೊದಲು ಆ ವಸ್ತುವನ್ನು ಹುಡುಕಿಕೊಂಡು ಬಾ ಎಂದು ನಾನು ಅವನನ್ನು ಕೂಡಿಸುತ್ತಿದ್ದೆ. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಈಗ ನಾನು ಬರೆಯುತ್ತಿರುವುದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ನಾನು ಕೇಳಿದ್ದೇನು, ಅದನ್ನು ಹೇಗೆಲ್ಲ ಪರೀಕ್ಷೆ ಮಾಡಿದೆ ಎಂಬುದನ್ನಷ್ಟೇ ಹೇಳುತ್ತೇನೆ.

ಮೊದಲು ನನ್ನ ಹುಚ್ಚಿನ ಬಗ್ಗೆ ಹೇಳಬೇಕು. ನನ್ನ ತಂದೆ ಯಾದಗಿರಿಯ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿ ಮದ್ರಾಸ್ ಕಡೆಯ ಒಬ್ಬ ಎಂಜಿನ್ ಡ್ರೈವರ್ ಇದ್ದ. ಅವನ ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇತ್ತು. ವಿದ್ಯುತ್ ಗಿಟಾರಿನ ದನಿಯನ್ನು ನಾನು ಮೊದಲು ಕೇಳಿದ್ದು ಅಲ್ಲಿ, ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತ. ಹಾಡಿನ ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. ಆದರೂ ಮೈಯೆಲ್ಲ ಕಿವಿಯಾಗುತ್ತಿತ್ತು. ಅವರಿಗೆ ವರ್ಗವಾದಾಗ ಆ ಮನೆಯಾಕೆ ಒಂದಿಷ್ಟು ರೆಕಾರ್ಡುಗಳನ್ನು ನನಗೇ ಕೊಟ್ಟು ಹೋದಳು. ಅಲ್ಲಿಂದ ಶುರುವಾದದ್ದು ಇನ್ನೂ ನಿಂತಿಲ್ಲ. ಯಾರೂ ಕೇಳದ ತಂಡಗಳ ರೆಕಾರ್ಡು, ಸ್ಪೂಲ್ ಟೇಪು, ರಾಕ್ ಸಂಗೀತದ ಹಳೆಯ ಹದಿನಾರು ಎಂಎಂ ಫಿಲ್ಮುಗಳನ್ನು ಹೈದರಾಬಾದಿನ ಹಳೇ ಬಜಾರಿನಿಂದ, ಮುಚ್ಚಿಹೋದ ಟೂರಿಂಗ್ ಟಾಕೀಸುಗಳಿಂದ ಕೂಡಿಹಾಕಿದ್ದೆ. ನನ್ನಂಥದೇ ಹುಚ್ಚಿನ ಕೆಲವರೊಂದಿಗೆ ಪತ್ರವ್ಯವಹಾರವೂ ಇತ್ತು. ನಮ್ಮ ಮನೆಯವರದು ಹತ್ತಿಬೀಜದ ಅಂಗಡಿ. ಮನೆಗೆ ಬಂದವರಿಗೆ ಚಹಾ ಕೊಡುವ ಮೊದಲೇ ಇವನ್ನೆಲ್ಲ ಇಟ್ಟಿದ್ದ ಕಪಾಟು ತೆರೆದು ತೋರಿಸಿ, ಇದು ನಮ್ಮಾಕಿ ಮ್ಯೂಜಿಯಂ ಎನ್ನುತ್ತಿದ್ದರು.

ಶಹಾಪುರದ ಗುಜರಿ ವ್ಯಾಪಾರಿ ಖಾಜಾಮಿಯಾನಿಗೆ ನನ್ನ ಈ ಚಟ ಗೊತ್ತಿತ್ತು. ಕಾಲುವೆಗೆ ನೀರು ಬಂದು ವರ್ಷಗಳಾಗಿದ್ದವು. ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ನಿಂತಿತ್ತು. ಕಾಲುವೆ ತೋಡುವ ಕಾಲದಲ್ಲಿ ಊರಿನಷ್ಟೇ ದೊಡ್ಡದಾಗಿದ್ದ ಒಂದು ಕ್ಯಾಂಪು ಈಗ ಖಾಲಿಯಾಗುತ್ತ ಬಂದಿತ್ತು. ಅಲ್ಲಿನ ಮನರಂಜನಾ ಕ್ಲಬ್ಬಿನ ಮುರುಕು ಸಾಮಾನನ್ನು ಖಾಜಾಮಿಯಾ ಒಟ್ಟಿಗೆ ಕೊಂಡಿದ್ದ. ಒಂದು ದಿನ ಕಾಲೇಜಿನ ಗೇಟಿಗೇ ಬಂದು, ಬಟ್ಟೆಯಲ್ಲಿ ಸುತ್ತಿದ ಒಂದು ತಗಡಿನ ಡಬ್ಬಿ ಕೊಟ್ಟ. ಮುಚ್ಚಳ ತೆಗೆದರೆ ಹಳೆಯ ಫಿಲ್ಮು ಕೆಡುವಾಗಿನ ಹುಳಿ ವಾಸನೆ. ಒಳಗೆ ಒಂದು ರೀಲು. ಕುಟುಂಬ ಯೋಜನೆಯ ಪ್ರಚಾರದ ಚಿತ್ರ ಇರಬೇಕು ಎಂದುಕೊಂಡೆ.

ನಮ್ಮ ಪ್ರಯೋಗಾಲಯಕ್ಕೆ ಹೊಂದಿಕೊಂಡು ಬೆಳಕಿನ ಪ್ರಯೋಗಗಳಿಗಾಗಿ ಒಂದು ಕತ್ತಲ ಕೋಣೆ ಇತ್ತು. ಕಾಲೇಜಿನ ಪ್ರೊಜೆಕ್ಟರನ್ನೂ ಅಲ್ಲೇ ಇಡುತ್ತಿದ್ದೆವು. ರೀಲನ್ನು ಒರೆಸಿ, ಹರಿದಲ್ಲಿ ಅಂಟಿಸಿ ಓಡಿಸಿದೆ. ಬಿಳಿ ಗೋಡೆಯ ಮೇಲೆ ತಗಡಿನ ಶೆಡ್ಡೊಂದು ಮೂಡಿತು. ಸಿಮೆಂಟ್ ಚೀಲಗಳ ಮೇಲೆ ಕೂತ ಜನ. ಎದುರಿಗೆ ಹಲಗೆ ಜೋಡಿಸಿದ ವೇದಿಕೆ. ಅದರ ಮೇಲೆ ನಾಲ್ವರು. ಒಬ್ಬ ಉದ್ದ ಕೂದಲಿನ ಹುಡುಗ ವಿದ್ಯುತ್ ಗಿಟಾರ್ ಬಾರಿಸುತ್ತಿದ್ದ. ಇಬ್ಬರು ಅವನ ಅಕ್ಕಪಕ್ಕ. ಹಿಂದೆ ಕೂತವನ ಮುಂದೆ ಡ್ರಮ್ಮುಗಳಿರಲಿಲ್ಲ, ಎರಡು ಹಲಗೆವಾದ್ಯಗಳನ್ನು ಸ್ಟೂಲಿಗೆ ಕಟ್ಟಿ, ತಾಳಕ್ಕೆ ಎಣ್ಣೆ ಪೀಪಾಯಿಯ ಮುಚ್ಚಳ ತೂಗಹಾಕಿದ್ದ. ಆ ಮನುಷ್ಯ ಬಾರಿಸುವುದನ್ನು ನೋಡುತ್ತ ನಾನು ಎದ್ದು ನಿಂತೆ. ಅಷ್ಟು ವರ್ಷ ದೇಶವಿದೇಶದ್ದೆಲ್ಲ ಕೂಡಿಹಾಕಿದ್ದೆ. ನಮ್ಮದೇ ಕಾಲುವೆಯ ದಂಡೆಯಲ್ಲಿ ಹಲಗೆಯ ಮೇಲೆ ರಾಕ್ ಬಾರಿಸಿದವನೊಬ್ಬ ಇದ್ದ ಎಂಬುದು ನನಗೆ ಗೊತ್ತಿರಲಿಲ್ಲ.

ಆದರೆ ಆ ಫಿಲ್ಮಿಗೆ ಧ್ವನಿ ಇರಲಿಲ್ಲ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಧ್ವನಿಯುಳ್ಳ ಫಿಲ್ಮಿನಲ್ಲಿ ಒಂದೇ ಅಂಚಿಗೆ ರಂಧ್ರಗಳಿದ್ದು ಇನ್ನೊಂದು ಅಂಚಿನಲ್ಲಿ ಧ್ವನಿಯ ಪಟ್ಟಿ ಇರುತ್ತದೆ. ಇದರಲ್ಲಿ ಎರಡೂ ಅಂಚಿಗೆ ರಂಧ್ರ. ಅಂದರೆ ಇದು ಹುಟ್ಟಿನಿಂದಲೇ ಮೂಕ. ಹಾಗಾಗಿ ಪ್ರೊಜೆಕ್ಟರಿನ ಸ್ಪೀಕರನ್ನು ನಾನು ಕಪಾಟಿನಿಂದ ಹೊರಗೇ ತೆಗೆದಿರಲಿಲ್ಲ.

ಕೆಲವು ದೃಶ್ಯಗಳನ್ನು ಫೋಟೊ ಮಾಡಿಸಿಕೊಂಡು ಆ ಕ್ಯಾಂಪಿನ ಹಳಬರನ್ನು ವಿಚಾರಿಸಿದೆ. ಮೇಸ್ತ್ರಿಯಾಗಿದ್ದ ಒಬ್ಬ ಮುದುಕ ಇಬ್ಬರ ಗುರುತು ಹಿಡಿದ. ಗಿಟಾರಿನ ಹುಡುಗ ವಿಕ್ಟರ್, ಸಿಕಂದರಾಬಾದಿನವನು, ಕ್ಯಾಂಪಿನಲ್ಲಿ ನಕ್ಷೆ ಬರೆಯುವ ಕೆಲಸಕ್ಕಿದ್ದ. ಹಲಗೆಯವನು ಸುರಪುರದ ಹತ್ತಿರದ ದೇವಾಪುರದ ಮರೆಪ್ಪ, ಕಾಲುವೆಯ ಕೂಲಿ. ಆ ಚಿತ್ರ ತೆಗೆದ ಕೆಲ ದಿನಗಳಲ್ಲೇ ಮರೆಪ್ಪ ಹಾವು ಕಚ್ಚಿ ತೀರಿಕೊಂಡನಂತೆ. ಹೆಂಡತಿ ಈಗ ದೇವಾಪುರದಲ್ಲಿದ್ದಾಳೆ ಎಂದೂ ಅವನು ಹೇಳಿದ.

ನಾನು ದೇವಾಪುರಕ್ಕೆ ಹೋದೆ. ಮರೆಪ್ಪನ ಹೆಂಡತಿ ದುರ್ಗಮ್ಮ ಹೊಲದ ಕೆಲಸದಿಂದ ಬೆನ್ನು ಬಾಗಿದ ಹೆಂಗಸು. ಮಾತು ಕಡಿಮೆ. ಮಗಳು ರಮಾಬಾಯಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. ತಂದೆ ಹೋದಾಗ ಅವಳಿನ್ನೂ ತೊಟ್ಟಿಲ ಕೂಸು. ನಡುಮನೆಯ ಗೋಡೆಯಲ್ಲಿ ಬುದ್ಧನ ಚಿತ್ರವಿತ್ತು. ಮರೆಪ್ಪನದು ಇರಲಿಲ್ಲ. ಅವನ ಒಂದು ಫೋಟೊ ಕೂಡ ಎಲ್ಲಿಯೂ ಇಲ್ಲ ಎಂದು ರಮಾ ಹೇಳಿದಳು. ನಾನು ಚೀಲದಿಂದ ಫೋಟೊ ತೆಗೆದು ಕೊಟ್ಟೆ. ಅದರಲ್ಲಿ ಮುಖ ಅಷ್ಟು ಸ್ಪಷ್ಟವಿರಲಿಲ್ಲ. ದುರ್ಗಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅದನ್ನು ಹಿಡಿದುಕೊಂಡೇ ಒಳಗೆ ಹೋದಳು.

ಆಗ ರಮಾ ನನಗೆ ಮೆಲ್ಲಗೆ ಆ ಮನೆಯ ಸಂಕಟ ಹೇಳಿದಳು. ಮರೆಪ್ಪ ಸಂಜೆಯಾದರೆ ಬಾರಿಸಲು ಹೋಗಿಬಿಡುತ್ತಿದ್ದ. ಕೂಸು ಸಣ್ಣದು, ಕಾಲುವೆಯ ಕೂಲಿಗಳ ಗುಡಿಸಲಲ್ಲಿ ಹೆಂಡತಿ ಒಬ್ಬಳೇ. ಕೊನೆಯ ದಿನ ಜಗಳವಾಗಿ ದುರ್ಗಮ್ಮ ರೊಟ್ಟಿಯ ಬುಟ್ಟಿಯನ್ನು ಎತ್ತಿಟ್ಟು, ಆ ಗಿಟಾರದವನ ಹತ್ತಿರವೇ ಹೋಗಿ ಉಣ್ಣು ಎಂದಿದ್ದಳು. ಅವನು ಹೋದವನು ಜೀವಂತ ಬರಲಿಲ್ಲ. ಕಾಲುವೆಯ ದಂಡೆಗುಂಟ ವಾಪಸು ಬರುವಾಗ ಹಾವು ಕಚ್ಚಿತ್ತು. ಹಸಿದ ಹೊಟ್ಟೆಯಲ್ಲಿ ಸತ್ತ ಎಂಬುದೊಂದೇ ಅವಳ ಮನಸ್ಸಿನಲ್ಲಿ ಕೂತಿತು. ಅಂದಿನಿಂದ ಹೊತ್ತು ಮುಳುಗಿದ ಮೇಲೆ ಅವಳು ಅನ್ನ ಮುಟ್ಟಿಲ್ಲ. ಈಗ ಸಕ್ಕರೆ ಕಾಯಿಲೆ ಬಂದಿತ್ತು. ರಾತ್ರಿ ಉಣ್ಣದೆ ಗುಳಿಗೆ ನುಂಗಿದರೆ ಜೀವಕ್ಕೇ ಅಪಾಯ ಎಂದು ಸುರಪುರದ ಡಾಕ್ಟರು ಎಚ್ಚರಿಸಿದ್ದರು.

"ಎಷ್ಟ ಹೇಳಿದ್ರೂ ಕೇಳವಲ್ಲಳು ಬಾಯಾರ," ಎಂದಳು ರಮಾ. ನಮ್ಮ ಕಡೆ ಶಿಕ್ಷಕಿಯರನ್ನು ಹೀಗೆಯೇ ಕರೆಯುವುದು. "ಎರಡ ಸಲ ಬಚ್ಚಲದಾಗ ಬಿದ್ದಾಳ. ನೀವರೆ ಒಂದ ಮಾತ ಹೇಳ್ರಿ."

ನನ್ನ ಮಾತಿಗೆ ಎಲ್ಲಿಯ ಬೆಲೆ? ಗಂಡನನ್ನು ನೋಡಲಾದರೂ ಬರಲಿ ಎಂದು ಇಬ್ಬರನ್ನೂ ಶಹಾಪುರಕ್ಕೆ ಕರೆದೆ.

ಒಂದು ಭಾನುವಾರ ಮಧ್ಯಾಹ್ನ ಅವರು ಬಸ್ಸಿಗೆ ಬಂದರು. ಕಾಲೇಜು ಊರ ಹೊರಗೆ. ಕಾವಲುಗಾರ ಕೀಲಿಯನ್ನು ನನ್ನ ಕೈಗೆ ಕೊಟ್ಟು ಯಾರದೋ ಮದುವೆಗೆ ಹೋಗಿದ್ದ. ನಾವು ಮೂವರು ಹೆಂಗಸರನ್ನು ಬಿಟ್ಟರೆ ಆ ಕಟ್ಟಡದಲ್ಲಿ ಬೇರೆ ಯಾರೂ ಇರಲಿಲ್ಲ. ಚಿತ್ರ ನೋಡುತ್ತ ದುರ್ಗಮ್ಮ ಹೇಳುವುದೆಲ್ಲ ದಾಖಲಾಗಲಿ ಎಂದು ನನ್ನ ಕ್ಯಾಸೆಟ್ ರೆಕಾರ್ಡರನ್ನು ಮೇಜಿನ ಮೇಲೆ ಇಟ್ಟಿದ್ದೆ. ಹೊಸ ಕ್ಯಾಸೆಟ್ಟು. ಅದರ ಕಾಗದ ಹರಿದವಳು ರಮಾ.

ದೀಪ ಆರಿಸಿದೆ. ಪ್ರೊಜೆಕ್ಟರು ಕರಕರ ಸದ್ದು ಮಾಡುತ್ತ ಓಡತೊಡಗಿತು. ಮರೆಪ್ಪನ ಮುಖ ಗೋಡೆಯ ಮೇಲೆ ದೊಡ್ಡದಾಗಿ ಬಂದಾಗ ದುರ್ಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಮಾ ಮೊದಲ ಸಲ ತಂದೆಯನ್ನು ನೋಡುತ್ತಿದ್ದಳು. ತನ್ನ ಹುಬ್ಬು ಥೇಟ್ ಅವನದೇ ಎಂದಳು. ಒಂದು ಹಾಡು ಮುಗಿದಂತೆ ಕಂಡಿತು. ಗಿಟಾರಿನ ಹುಡುಗ ಹಿಂದಿರುಗಿ ಮರೆಪ್ಪನಿಗೆ ಏನೋ ಅಂದ. ಮರೆಪ್ಪ ನಕ್ಕು ಕ್ಯಾಮೆರಾದ ಕಡೆ ನೋಡಿದ. ಆಗ ದುರ್ಗಮ್ಮ, ಪಕ್ಕದ ಕೋಣೆಯಲ್ಲಿ ಇರುವವರನ್ನು ಕೇಳಿದಷ್ಟೇ ಸಹಜವಾಗಿ ಕೇಳಿದಳು.

"ಉಂಡೀಯೇನ?"

ಪ್ರೊಜೆಕ್ಟರಿನ ಸದ್ದು ಬಿಟ್ಟರೆ ಬೇರೇನೂ ನಮ್ಮ ಕಿವಿಗೆ ಬೀಳಲಿಲ್ಲ. ರೀಲು ಮುಗಿಯಿತು. ಇನ್ನೊಮ್ಮೆ ಹಾಕಿರಿ ಎಂದಳು, ಹಾಕಿದೆ. ಎರಡನೆಯ ಸಲ ಅವಳು ಸುಮ್ಮನೆ ನೋಡಿದಳು. ಸಂಜೆಯ ಬಸ್ಸಿಗೆ ಅವರನ್ನು ಹತ್ತಿಸಿ ಮನೆಗೆ ಬಂದೆ.

ಮರುದಿನ ಕಾಲೇಜಿನಿಂದ ಬಂದವಳು ಅವಳ ಮಾತುಗಳನ್ನು ಬರೆದುಕೊಳ್ಳೋಣವೆಂದು ಕ್ಯಾಸೆಟ್ ಹಾಕಿದೆ. ಪ್ರೊಜೆಕ್ಟರಿನ ಕರಕರ. ರಮಾಳ ಮಾತು. ನನ್ನ ಕೆಮ್ಮು. ಆಮೇಲೆ ದುರ್ಗಮ್ಮನ ಪ್ರಶ್ನೆ. ಅದಾದ ಮೇಲೆ ಒಂದು ಉಸಿರಿನಷ್ಟು ಹೊತ್ತು ಬಿಟ್ಟು, ಮೈಕಿಗೆ ತೀರ ಹತ್ತಿರದಿಂದ ಒಬ್ಬ ಗಂಡಸಿನ ದನಿ.

"ಉಂಡಾನ ಭಾಬಿ. ನನ್ನ ಸಂಗಾಟ ಉಂಡಾನ."

ನಾನು ಹೆದರಲಿಲ್ಲ ಎಂದರೆ ನಂಬುತ್ತೀರಾ? ಮೊದಲು ಬಂದದ್ದು ಸಿಟ್ಟು. ಯಾರೋ ಚೇಷ್ಟೆ ಮಾಡಿದ್ದಾರೆ ಎನ್ನಿಸಿತು. ಆದರೆ ಕ್ಯಾಸೆಟ್ಟು ನನ್ನ ಚೀಲ ಬಿಟ್ಟು ಎಲ್ಲಿಯೂ ಹೋಗಿರಲಿಲ್ಲ. ಮತ್ತೆ ಹಾಕಿದೆ, ಇತ್ತು. ಮನೆಯವರನ್ನು ಕರೆದು ಕೇಳಿಸಿದೆ, ಅವರಿಗೂ ಕೇಳಿತು. ನಮ್ಮ ಗಣಿತದ ಲೆಕ್ಚರರ್ ಕೇಳಿ, ಮೇಡಂ ನೀವೇ ಯಾರಿಂದಲೋ ಹೇಳಿಸಿದ್ದೀರಿ ಎಂದು ನಕ್ಕರು. ರೇಡಿಯೊದ ತರಂಗವೇನಾದರೂ ರೆಕಾರ್ಡರಿನ ತಂತಿಗೆ ಹಿಡಿದಿರಬಹುದೆ ಎಂದು ಯೋಚಿಸಿದೆ. ಹಾಗೆ ಆಗುವುದುಂಟು. ಆದರೆ ರೇಡಿಯೊ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಮುಂದಿನ ಭಾನುವಾರ ಒಬ್ಬಳೇ ಹೋಗಿ, ಅದೇ ಕೋಣೆಯಲ್ಲಿ ಅದೇ ರೀಲು ಓಡಿಸಿ, ರೆಕಾರ್ಡರನ್ನು ಅದೇ ಜಾಗದಲ್ಲಿ ಇಟ್ಟು, ಅದೇ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದೆ. ನನಗೇ ನಾಚಿಕೆಯಾಯಿತು. ಟೇಪಿನಲ್ಲಿ ನನ್ನ ದನಿ ಮತ್ತು ಪ್ರೊಜೆಕ್ಟರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ದುರ್ಗಮ್ಮನಿಗೆ ಇದನ್ನು ಹೇಳಬೇಕೋ ಬೇಡವೋ ತಿಳಿಯಲಿಲ್ಲ. ನಾನೇ ನಂಬದ್ದನ್ನು ಅವಳಿಗೆ ನಂಬಿಸುವುದು ಹೇಗೆ? ನಾಳೆ ಅದು ಯಾರದೋ ಚೇಷ್ಟೆ ಎಂದು ತಿಳಿದರೆ ಅವಳ ಗತಿ ಏನು? ಹೀಗೆ ಯೋಚಿಸುತ್ತಿರುವಾಗಲೇ ರಮಾ ಹೇಳಿಕಳಿಸಿದಳು. ಅವ್ವ ಮತ್ತೆ ಬಿದ್ದಿದ್ದಾಳೆ, ಈ ಸಲ ಎಚ್ಚರವಾಗಲು ಬಹಳ ಹೊತ್ತು ಹಿಡಿಯಿತು ಎಂದು. ಮರುದಿನವೇ ರೆಕಾರ್ಡರ್ ತೆಗೆದುಕೊಂಡು ಹೋದೆ. ಯಾವ ಪೀಠಿಕೆಯನ್ನೂ ಹಾಕದೆ, ಅಂದು ಟೇಪಿನಲ್ಲಿ ಏನೋ ಬಂದಿದೆ, ನೀವೇ ಕೇಳಿ ಎಂದು ಗುಂಡಿ ಒತ್ತಿದೆ.

ದುರ್ಗಮ್ಮ ಗೋಡೆಗೆ ಒರಗಿ ಕೇಳಿದಳು. ಅಳಲಿಲ್ಲ. ಇನ್ನೊಮ್ಮೆ ಎಂದು ಕೈ ಮಾಡಿದಳು. ಕೇಳಿ ಮುಗಿಸಿ ತಲೆ ಅಲ್ಲಾಡಿಸಿದಳು.

"ಇದು ಅವನ ದನಿ ಅಲ್ಲ," ಎಂದಳು. "ಆ ಗಿಟಾರದವನ ದನಿ. ನನಗ ಭಾಬಿ ಅಂತಿದ್ದವ ಅವ ಒಬ್ಬನ ಇದ್ದ. ಗುಡಿಸಲ ಬಾಗಲಿಗೆ ಬಂದು ಕರೀತಿದ್ದ."

ಹಾಗಾದರೆ ಇನ್ನು ಮೇಲಾದರೂ ಉಣ್ಣು ಎಂದು ರಮಾ ಅವಳ ಕೈ ಹಿಡಿದಳು. ದುರ್ಗಮ್ಮ ಕೈ ಬಿಡಿಸಿಕೊಂಡಳು.

"ಡಬ್ಬಿ ಮಾತ ಕೇಳಿ ಉಣ್ಣಂಗಿಲ್ಲ. ಅವ ಎಲ್ಲಿ ಅದಾನೋ ನೋಡ್ರಿ ಬಾಯಾರ. ಇದ್ದರ ಅವನ ಬಾಯಿಲೆ ಕೇಳ್ತೀನಿ."

ನನ್ನ ವಿಜ್ಞಾನಕ್ಕಿಂತ ಅವಳ ಮಾತೇ ನನಗೆ ಸರಿ ಅನ್ನಿಸಿತು. ವಿಕ್ಟರನನ್ನು ಹುಡುಕಲು ನನ್ನ ರೆಕಾರ್ಡಿನ ಗೆಳೆಯರಿಗೆಲ್ಲ ಪತ್ರ ಬರೆದೆ. ಕಾಲುವೆಯ ಕೆಲಸಕ್ಕೆ ಹೋಗಿ ಬಂದ ಒಬ್ಬ ವಿಕ್ಟರ್ ಸಿಕಂದರಾಬಾದಿನಲ್ಲಿ ಮಕ್ಕಳಿಗೆ ಗಿಟಾರ್ ಕಲಿಸುತ್ತಾನೆ ಎಂದು ಹೈದರಾಬಾದಿನ ಒಬ್ಬರಿಂದ ಉತ್ತರ ಬಂತು. ಪ್ರಯಾಣಕ್ಕೆ ದುರ್ಗಮ್ಮನಿಗೆ ತ್ರಾಣವಿರಲಿಲ್ಲ. ನಾನೂ ರಮಾಳೂ ಯಾದಗಿರಿಯಲ್ಲಿ ರೈಲು ಹತ್ತಿದೆವು. ದಾರಿಯಲ್ಲೇ ಅವಳಿಗೆ ಹೇಳಿದ್ದೆ, ಟೇಪಿನ ಸುದ್ದಿ ಮೊದಲು ಎತ್ತಬಾರದು, ಅವನು ತಾನಾಗಿ ಏನು ಹೇಳುತ್ತಾನೋ ನೋಡೋಣ ಎಂದು.

ವಿಕ್ಟರ್ ಬಾಗಿಲು ತೆರೆದ. ಉದ್ದ ಕೂದಲಿನ ಆ ಹುಡುಗನ ತಲೆಯಲ್ಲಿ ಈಗ ಒಂದು ಎಳೆಯೂ ಇರಲಿಲ್ಲ. ರಮಾ ಮರೆಪ್ಪನ ಮಗಳು ಎಂದು ತಿಳಿದಾಗ ಅವನು ಕುರ್ಚಿಯ ಬೆನ್ನು ಹಿಡಿದು ನಿಂತ. ಆಮೇಲೆ ಅವಳ ಹುಬ್ಬು ನೋಡಿ ನಕ್ಕ. ಉರ್ದು ಬೆರೆತ ಹಿಂದಿಯಲ್ಲಿ ಮಾತಾಡಿದ. ಆ ಚಿತ್ರ ತೆಗೆದವನು ಕಾಲುವೆಯ ಸಲಹೆಗೆಂದು ಬಂದಿದ್ದ ಒಬ್ಬ ಪರದೇಶಿ ಎಂಜಿನಿಯರ್ ಅಂತೆ. ಅದು ಮುಂಬೈಯಲ್ಲಿ ತೊಳೆದು ಬರುವಷ್ಟರಲ್ಲಿ ಮರೆಪ್ಪ ಹೋಗಿದ್ದ, ವಿಕ್ಟರನಿಗೂ ಬೇರೆ ಕಡೆ ವರ್ಗವಾಗಿತ್ತು. ಹೀಗಾಗಿ ರೀಲು ಕ್ಲಬ್ಬಿನ ಕಪಾಟಿನಲ್ಲೇ ಉಳಿಯಿತು.

ನಾನು ಕೇಳಿದ್ದು ಒಂದೇ. ಆ ಕೊನೆಯ ದಿನ ಮರೆಪ್ಪ ಬಾರಿಸಲು ಬಂದನೆ?

ಬಾರಿಸಲಿಲ್ಲ ಎಂದ ವಿಕ್ಟರ್. ಮನೆಯಲ್ಲಿ ಜಗಳವಾಗಿದೆ, ಹಸಿವಾಗಿದೆ ಎಂದು ನಗುತ್ತ ಬಂದಿದ್ದ. ತಾನೇ ಸ್ಟೋವ್ ಹೊತ್ತಿಸಿ ಅನ್ನ, ಹುಳಿ ಬೇಳೆ ಮಾಡಿದೆ, ಇದ್ದ ಮೊಟ್ಟೆಗಳನ್ನು ಒಡೆದು ಹುರಿದೆ, ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡೆವು ಎಂದ. ಈಗ ಹೋಗಿ ಅವಳನ್ನು ಸಮಾಧಾನ ಮಾಡುತ್ತೇನೆ ಎಂದು ಬೇಗ ಎದ್ದು ಹೋದನಂತೆ. ಸುದ್ದಿ ತಿಳಿದು ವಿಕ್ಟರ್ ಗುಡಿಸಲಿಗೆ ಹೋದಾಗ ಅದು ಖಾಲಿಯಿತ್ತು, ದುರ್ಗಮ್ಮನನ್ನು ತವರಿನವರು ಕರೆದೊಯ್ದಿದ್ದರು. ಆ ಊಟದ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಅದರಲ್ಲಿ ಏನಿದೆ ಎಂದು ನಮ್ಮನ್ನೇ ಕೇಳಿದ. ರಮಾ ಅಲ್ಲಿಯೇ ನೆಲಕ್ಕೆ ಕೂತು ಅತ್ತಳು.

ಆಮೇಲೆ ಟೇಪು ಕೇಳಿಸಿದೆ. ವಿಕ್ಟರ್ ಅದನ್ನು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದ. ದನಿ ತನ್ನದೇ, ಈಗಿನದಲ್ಲ, ಆ ವಯಸ್ಸಿನದು ಎಂದ. ಆದರೆ ತನಗೆ ಆಗ ಕನ್ನಡ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಮರೆಪ್ಪನ ಜೊತೆ ಮಾತಾಡುತ್ತಿದ್ದುದು ಹಿಂದಿಯಲ್ಲಿ. ಈ ಮಾತನ್ನು ತಾನು ಹೇಳಿಯೇ ಇಲ್ಲ ಎಂದ. ಅವನ ಮುಖದಲ್ಲಿ ಸುಳ್ಳಿರಲಿಲ್ಲ. ಭಯವಿತ್ತು.

ಅವನು ಒಳಗಿನಿಂದ ಒಂದು ಸ್ಪೂಲ್ ಟೇಪು ತಂದುಕೊಟ್ಟ. ಚಿತ್ರ ತೆಗೆದ ದಿನದ ಸಂಗೀತವನ್ನು ಬೇರೆಯಾಗಿ ಮುದ್ರಿಸಿದ್ದರಂತೆ. ನಾನು ಶಹಾಪುರಕ್ಕೆ ಬಂದು ರೀಲನ್ನೂ ಸ್ಪೂಲನ್ನೂ ಜೊತೆಯಾಗಿ ಓಡಿಸಿ, ತಾಳ ಕೂಡುವವರೆಗೆ ಬಿಡದೆ ಕೂತೆ. ಎಂಥ ಬಾರಿಸುವಿಕೆ ಅದು! ಹಲಗೆಯ ಪೆಟ್ಟು ಗಿಟಾರನ್ನು ಎಳೆದುಕೊಂಡು ಹೋಗುತ್ತಿತ್ತು. ವಿಕ್ಟರ್ ಹಿಂದಿರುಗಿ ಮಾತಾಡುವ ಜಾಗಕ್ಕೆ ಬಂದಾಗ ಕಿವಿಗೊಟ್ಟು ಕೇಳಿದೆ. ಮುಂದಿನ ಹಾಡಿಗೆ ವನ್, ಟೂ, ಥ್ರೀ ಎಂದು ಎಣಿಸಿದ್ದ, ಅಷ್ಟೆ.

ವಿಕ್ಟರ್ ದೇವಾಪುರಕ್ಕೆ ಬಂದ. ಅವನ ಹಿಂದಿಯನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳಬೇಕಾಯಿತು. ದುರ್ಗಮ್ಮ ಎಲ್ಲವನ್ನೂ ಕೇಳಿದಳು. ಬೇಳೆಗೆ ಖಾರ ಹಾಕಿದ್ದೆಯೊ ಇಲ್ಲವೊ, ಅವನು ಎರಡನೆಯ ಸಲ ಅನ್ನ ಹಾಕಿಸಿಕೊಂಡನೊ ಇಲ್ಲವೊ ಎಂದು ಕೂಡ. ಹಾಕಿಸಿಕೊಂಡ ಎಂದ. ಅವಳು ಎದ್ದು ಒಲೆ ಹೊತ್ತಿಸಿ ರೊಟ್ಟಿ ಬಡಿದಳು. ದೀಪ ಹಚ್ಚಿದ ಮೇಲೆ ಅತಿಥಿಯ ಎದುರಿಗೆ ತಾನೂ ತಟ್ಟೆ ಹಾಕಿಕೊಂಡು ಕೂತಳು. ರಮಾ ಬಾಗಿಲ ಹೊರಗೆ ಹೋಗಿ ನಿಂತಳು. ಆಮೇಲೆ ದುರ್ಗಮ್ಮ ಬಹಳ ವರ್ಷ ಬದುಕಿದಳು, ರಾತ್ರಿ ಉಣ್ಣುವುದನ್ನು ಬಿಡಲಿಲ್ಲ.

ಆ ರೀಲು ಮತ್ತು ಸ್ಪೂಲನ್ನು ಈಗ ದೂರದೂರದ ಸಂಗೀತದ ಹುಚ್ಚರು ನೋಡಿದ್ದಾರೆ, ಮರೆಪ್ಪನ ಬಗ್ಗೆ ಕೇಳಿ ಬರೆಯುತ್ತಾರೆ. ಕ್ಯಾಸೆಟ್ಟನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ. ದನಿ ಅದರಲ್ಲಿ ಇನ್ನೂ ಇದೆ. ಕಂಪಿಸಿದ ವಸ್ತು ಯಾವುದು ಎಂದು ಹುಡುಕುವುದನ್ನು ಬಿಟ್ಟಿಲ್ಲ, ಸಿಕ್ಕೂ ಇಲ್ಲ.

ಒಮ್ಮೆ ದುರ್ಗಮ್ಮನನ್ನೇ ಕೇಳಿದ್ದೆ, ನಿಮಗೇನು ಅನ್ನಿಸುತ್ತದೆ ಎಂದು. ಅವಳು ಅವರೆಕಾಯಿ ಬಿಡಿಸುತ್ತಿದ್ದಳು.

"ನಾ ಕೇಳಿದ್ದು ಅವನ್ನ," ಎಂದಳು. "ಹೇಳಿದವ ಈ ಗಿಟಾರದವ. ಅವ ಯಾಕ ಬಾಯಿ ಬಿಡಲಿಲ್ಲಂತ ನನಗ ತಿಳಿದಿಲ್ಲ ನೋಡ್ರಿ. ಸಿಟ್ಟ ಇನ್ನಾ ಇಳಿದಿಲ್ಲೇನೋ."